ಕೋಲಾರದ ಕಾಲಡಿಯ ಕಡಲು



ಕೋಲಾರ ಜಿಲ್ಲೆಗೆ ಕಡಲತೀರವಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿ ನದಿಗಳು ನಮ್ಮ ನೆಲವನ್ನು ಹಾದು ಬಂಗಾಳಕೊಲ್ಲಿಯನ್ನು ಸೇರುತ್ತವೆಂದು ಭೂಪಟ ಹೇಳುತ್ತದೆ. ಆದರೆ ಅವುಗಳ ಪಾತ್ರದಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ಕಂಡವರು ನಾವು. ಹಾಗಿದ್ದರೂ ಬಂಗಾರಪೇಟೆ ತಾಲ್ಲೂಕಿನಲ್ಲಿ ಕಾಮಸಮುದ್ರವೆಂಬ ಊರಿದೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ಕನ್ನಡನಾಡಿನ ಹಳೆಯ ರೂಢಿ. ಕಡಲನ್ನು ಕಾಣದ ಜನ ತಾವು ಕಟ್ಟಿಸಿದ ಕೆರೆಯಲ್ಲಿಯೇ ಕಡಲನ್ನು ಕಂಡುಕೊಂಡರು ಎಂದು ನಾನು ಭಾವಿಸುತ್ತಿದ್ದೆ.

ಶ್ರೀನಿವಾಸಪುರ ಮತ್ತು ಮುಳಬಾಗಿಲಿನ ಶಾಲೆಗಳಲ್ಲಿ ಭೂಗೋಳದ ಪಾಠ ಹೇಳುವಾಗ, "ಸಮುದ್ರ ನೋಡಿದವರು ಕೈಯೆತ್ತಿ" ಎಂದರೆ ತರಗತಿಯಲ್ಲಿ ಎರಡೋ ಮೂರೋ ಕೈಗಳು ಮೇಲೇಳುತ್ತಿದ್ದವು. ತಿರುಪತಿಯ ಯಾತ್ರೆಯನ್ನು ಮುಗಿಸಿ ಮದರಾಸಿನ ತನಕ ಹೋಗಿಬಂದ ಮನೆಯ ಮಕ್ಕಳು ಅವರು. ಮಿಕ್ಕವರಿಗೆ ಸಾಗರವೆಂದರೆ ಗೋಡೆಯ ಮೇಲಿನ ನಕ್ಷೆಯ ನೀಲಿ ಬಣ್ಣ. ಆ ಮಿಕ್ಕವರಿಗಾಗಿಯೇ ಇಂದಿನ ಈ ಲೇಖನ. ನೀವು ಕಡಲನ್ನು ನೋಡದೆ ಇದ್ದಿರಬಹುದು. ಆದರೆ ಕೆಜಿಎಫ್‌ಗೆ ಹೋಗಿದ್ದವರೆಲ್ಲರೂ ಒಂದು ಪುರಾತನ ಕಡಲಿನ ತಳದ ಮೇಲೆ ನಡೆದಾಡಿದ್ದೀರಿ. ಈ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಅದನ್ನು ಮನುಷ್ಯ ತಿಳಿದುಕೊಂಡ ಬಗೆಯೇ ಒಂದು ಚರಿತ್ರೆ.

ಕಪ್ಪು ಕಲ್ಲಿನ ಪಟ್ಟಿ

ನಮ್ಮ ಜಿಲ್ಲೆಯ ಬಂಡೆಗಳೆಂದರೆ ಕಣ್ಣಿಗೆ ಬರುವುದು ಬೂದುಬಣ್ಣ. ಕೋಲಾರದ ಶತಶೃಂಗ ಬೆಟ್ಟಗಳು, ಮುಳಬಾಗಿಲಿನ ಬೋಳು ಗುಡ್ಡಗಳು, ಮಾಲೂರಿನ ಸುತ್ತಲಿನ ಹಾಸುಬಂಡೆಗಳು, ಎಲ್ಲವೂ ಗ್ರಾನೈಟ್ ಮತ್ತು ನೈಸ್ ಜಾತಿಯವು. ಇವುಗಳ ನಡುವೆ ಉತ್ತರ ದಕ್ಷಿಣವಾಗಿ ಒಂದು ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಉದ್ದ ಸುಮಾರು 80 ಕಿಲೋಮೀಟರ್, ಅಗಲ ಹೆಚ್ಚೆಂದರೆ ಐದಾರು ಕಿಲೋಮೀಟರ್. ಕೆಜಿಎಫ್ ಇರುವುದು ಈ ಪಟ್ಟಿಯ ಮೇಲೆ. ದಕ್ಷಿಣಕ್ಕೆ ಇದು ಆಂಧ್ರದ ಕುಪ್ಪಂ ಸೀಮೆಯತ್ತ ಸಾಗುತ್ತದೆ. ಭೂವಿಜ್ಞಾನಿಗಳು ಇದನ್ನು ಕೋಲಾರ ಶಿಸ್ಟ್ ಪಟ್ಟಿ ಎನ್ನುತ್ತಾರೆ.

ಲೋಕದ ಕಣ್ಣು ಈ ಪಟ್ಟಿಯ ಮೇಲೆ ಬಿದ್ದದ್ದು ಚಿನ್ನದ ದೆಸೆಯಿಂದ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಜನರ ಮಾತನ್ನು ಕೇಳಿ, ಹಳ್ಳಿಗರಿಂದ ಮಣ್ಣು ತರಿಸಿ ತನ್ನೆದುರಿಗೇ ತೊಳೆಸಿ ನೋಡಿದ. ಚಿನ್ನದ ಕಣಗಳು ದೊರೆತವು. ದಶಕಗಳ ಬಳಿಕ, ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ ವಾರನ್ನನ ವರದಿಯನ್ನು ಓದಿ, ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಬಂದ. 1875ರಲ್ಲಿ ಅವನಿಗೆ ಗಣಿ ಅಗೆಯುವ ಪರವಾನಗಿ ಸಿಕ್ಕಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದಿತು. ಅದರೊಡನೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ನುರಿತ ಗಣಿಗಾರರು ಬಂದರು. ಅವರ ಊರಿನ ಲೆವಾಂಟ್, ಬೊಟಾಲಕ್ ಗಣಿಗಳ ಸುರಂಗಗಳು ಅಟ್ಲಾಂಟಿಕ್ ಸಾಗರದ ತಳದ ಕೆಳಗೇ ಸಾಗಿದ್ದವು. ಕಡಲಿನ ಅಡಿಯಲ್ಲಿ ಅಗೆದು ಪಳಗಿದವರ ನಾಡಿನಿಂದ ಕಡಲಿಲ್ಲದ ನಾಡಿಗೆ ಬಂದ ಅವರು, ಇಲ್ಲಿಯೂ ತಾವು ಅಗೆಯುತ್ತಿರುವುದು ಒಂದು ಕಡಲತಳವನ್ನೇ ಎಂದು ಊಹಿಸಲು ಆಗ ದಾರಿಯೇ ಇರಲಿಲ್ಲ.

ಅದೇ ಕಾಲದಲ್ಲಿ ಕಡಲಿನ ಮೇಲೆ

ದಾರಿಯಿರಲಿಲ್ಲವೇಕೆಂದರೆ, ನಿಜವಾದ ಕಡಲತಳ ಹೇಗಿರುತ್ತದೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. 1843ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಕೃತಿ ವಿಜ್ಞಾನಿ, ಸುಮಾರು 300 ಫ್ಯಾದಂ, ಅಂದರೆ 550 ಮೀಟರ್ ಆಳದಿಂದ ಕೆಳಗೆ ಜೀವವಿರಲಾರದು ಎಂದು ಊಹಿಸಿದ್ದ. ಬೆಳಕಿಲ್ಲ, ಕೊರೆಯುವ ಚಳಿ, ಮೇಲಿನ ನೀರಿನ ಭಾರ. ಅಲ್ಲಿ ಯಾವ ಜೀವಿ ಬದುಕೀತು? ಊಹೆ ಬಹಳ ಸಮಂಜಸವಾಗಿಯೇ ತೋರುತ್ತಿತ್ತು.

ಇದನ್ನು ಒರೆಗೆ ಹಚ್ಚಿದ್ದು ಬ್ರಿಟಿಷ್ ನೌಕೆ ಚಾಲೆಂಜರ್. 1872ರ ಡಿಸೆಂಬರ್‌ನಲ್ಲಿ ಹೊರಟ ಈ ನೌಕೆ ಮೂರೂವರೆ ವರ್ಷ ಸಾಗರಗಳನ್ನು ಸುತ್ತಿ 1876ರ ಮೇ ತಿಂಗಳಲ್ಲಿ ಹಿಂದಿರುಗಿತು. ಮೈಲಿಗಟ್ಟಲೆ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟು ಆಳವನ್ನು ಅಳೆದರು. ಬಲೆಗಳನ್ನು ಎಳೆದು ತಳದ ಕೆಸರನ್ನೂ ಜೀವಿಗಳನ್ನೂ ಮೇಲೆತ್ತಿದರು. ಲವೆಲ್ಲನಿಗೆ ಪರವಾನಗಿ ಸಿಕ್ಕ 1875ರ ಮಾರ್ಚ್ ತಿಂಗಳಲ್ಲಿಯೇ ಚಾಲೆಂಜರ್‌ನವರು ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ 8 ಕಿಲೋಮೀಟರಿಗೂ ಮಿಕ್ಕಿದ ಆಳವನ್ನು ಅಳೆದರು. ವಿಜ್ಞಾನಕ್ಕೆ ಹೊಸದಾದ 4,000ಕ್ಕೂ ಹೆಚ್ಚು ಜೀವಿಗಳು ಈ ಯಾನದಿಂದ ಬೆಳಕಿಗೆ ಬಂದವು; ವರದಿಗಳೇ 50 ಸಂಪುಟಗಳಾದವು. ಆಳದಲ್ಲಿ ಜೀವವಿಲ್ಲವೆಂಬ ಮಾತು ಅಲ್ಲಿಗೆ ಮುಗಿಯಿತು. ಆದರೂ ಒಂದು ನಂಬಿಕೆ ಉಳಿದುಕೊಂಡಿತು: ಆ ಜೀವಿಗಳೆಲ್ಲವೂ ಮೇಲಿನಿಂದ ಉದುರುವ ಸತ್ತ ಜೀವಿಗಳ ತುಣುಕುಗಳನ್ನು ತಿಂದು ಬದುಕುವ ಬಡಪಾಯಿಗಳು, ಎಲ್ಲ ಅನ್ನದ ಮೂಲವೂ ಸೂರ್ಯನೇ.

ದಿಂಬಿನಂಥ ಕಲ್ಲುಗಳ ಭಾಷೆ

ಈಗ ನಮ್ಮ ಕಪ್ಪು ಕಲ್ಲಿಗೆ ಹಿಂದಿರುಗೋಣ. ಕರ್ನಾಟಕದ ಇಂಥ ಶಿಲಾಪಟ್ಟಿಗಳನ್ನು ಒಟ್ಟಾಗಿ ಅಭ್ಯಾಸ ಮಾಡಿ 1880ರ ದಶಕದಲ್ಲಿ ಅವಕ್ಕೆ ಧಾರವಾಡದ ಹೆಸರನ್ನು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ಕೋಲಾರದ ಚಿನ್ನದ ಸೀಮೆಯನ್ನೂ ಅವರು ಸುತ್ತಿ ನೋಡಿದ್ದರು. ಬಳಿಕ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್, ಈ ಶಿಲೆಗಳಲ್ಲಿ ಬಹುಭಾಗ ಅಗ್ನಿಜನ್ಯವೆಂದು, ಅಂದರೆ ಕರಗಿದ ಲಾವಾರಸ ಹೆಪ್ಪುಗಟ್ಟಿ ಆದದ್ದೆಂದು ವಾದಿಸಿದರು. ಲಾವಾ ಹೌದು; ಆದರೆ ಅದು ಹರಿದದ್ದು ನೆಲದ ಮೇಲೋ ನೀರಿನ ಕೆಳಗೋ?

ಉತ್ತರ ಕಲ್ಲಿನ ಆಕಾರದಲ್ಲಿತ್ತು. ಈ ಪಟ್ಟಿಯ ಕೆಲವು ಕಡೆಗಳಲ್ಲಿ ಬಂಡೆಯ ಮೈಮೇಲೆ ಸಂತೆಯಲ್ಲಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದಂಥ ಉಬ್ಬುಗಳು ಕಾಣುತ್ತವೆ. ಇದಕ್ಕೆ ಪಿಲ್ಲೋ ಲಾವಾ, ಅಂದರೆ ದಿಂಬಿನ ಲಾವಾ ಎಂದು ಹೆಸರು. ಇದು ಹುಟ್ಟುವುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಟೆಂಪೆಸ್ಟ್ ಆಂಡರ್ಸನ್ ಎಂಬ ಇಂಗ್ಲಿಷ್ ಕಣ್ಣಿನ ವೈದ್ಯ. ಜ್ವಾಲಾಮುಖಿಗಳನ್ನು ಹುಡುಕಿಕೊಂಡು ಹೋಗುವುದು ಅವನ ಹವ್ಯಾಸ. 1909ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಲಾವಾರಸ ಸಮುದ್ರಕ್ಕೆ ಇಳಿಯುವಲ್ಲಿ ದಿಂಬುಗಳು ರೂಪುಗೊಳ್ಳುವುದನ್ನು ಅವನು ನೋಡಿದ. ಸಾವಿರ ಡಿಗ್ರಿಗೂ ಮೀರಿ ಕಾದ ರಸ ತಣ್ಣೀರನ್ನು ಮುಟ್ಟಿದೊಡನೆ ಹೊರಮೈ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗಿನ ರಸ ಇನ್ನೂ ದ್ರವವೇ. ಅದು ಸಿಪ್ಪೆಯನ್ನು ಬಿರಿದು ಹೊರಬಂದು ಮತ್ತೊಂದು ದಿಂಬಾಗುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. ಮೇಲಿನ ದಿಂಬಿನ ಅಡಿಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿಯುತ್ತದೆ. ಆದ್ದರಿಂದ ಕೋಟ್ಯಂತರ ವರ್ಷಗಳಲ್ಲಿ ಬಂಡೆ ಮಗುಚಿ ಬಿದ್ದಿದ್ದರೂ ಅದರ ಮೇಲು ಯಾವುದು, ಕೆಳಗು ಯಾವುದು ಎಂದು ಬಲ್ಲವರು ಹೇಳಬಲ್ಲರು.

ಸಾಗರದ ನಟ್ಟನಡುವಿನ ತಳವೂ ಹೀಗೆಯೇ ಇದೆಯೆಂದು ಖಚಿತವಾಗಲು ಇನ್ನೂ ಕಾಲ ಬೇಕಾಯಿತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿ ಥಾರ್ಪ್ ಎಂಬ ಮಹಿಳೆ, ಹಡಗುಗಳು ತಂದ ಆಳದ ಅಳತೆಗಳನ್ನು ಕಾಗದದ ಮೇಲೆ ಬಿಡಿಸುತ್ತ, ಅಟ್ಲಾಂಟಿಕ್ ಸಾಗರದ ನಡುವೆ ಹಾದುಹೋಗುವ ಪರ್ವತಶ್ರೇಣಿಯ ಬೆನ್ನಿನಲ್ಲಿ ಒಂದು ಬಿರುಕುಕಣಿವೆಯನ್ನು ಗುರುತಿಸಿದರು. ಹೆಂಗಸರ ಹರಟೆಯೆಂದು ಮೊದಲು ಅದನ್ನು ತಳ್ಳಿಹಾಕಿದರಂತೆ. ಆದರೆ ಕಣಿವೆ ಇದ್ದದ್ದು ನಿಜ. ಅಲ್ಲಿ ಭೂಮಿಯ ಚಿಪ್ಪು ಸೀಳಿ, ಕೆಳಗಿನಿಂದ ಲಾವಾ ಉಕ್ಕಿ ಹೊಸ ಕಡಲತಳ ಹುಟ್ಟುತ್ತದೆ ಎಂದು 1962ರಲ್ಲಿ ಹ್ಯಾರಿ ಹೆಸ್ ವಿವರಿಸಿದರು. 1974ರಲ್ಲಿ ಆಲ್ವಿನ್ ಮೊದಲಾದ ಮುಳುಗುನೌಕೆಗಳಲ್ಲಿ ಕುಳಿತು ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಆ ಕಣಿವೆಗೆ ಇಳಿದಾಗ ದೀಪದ ಬೆಳಕಿನಲ್ಲಿ ಕಂಡದ್ದು, ಕಣ್ಣು ಹಾಯಿಸಿದಲ್ಲೆಲ್ಲ ದಿಂಬಿನ ಲಾವಾ.

ಕೋಲಾರದ ಪಟ್ಟಿಯಲ್ಲಿರುವುದೂ ಇದೇ ಆಕಾರ. ಇಲ್ಲಿಯ ಲಾವಾದ ವಯಸ್ಸು ಸುಮಾರು 270 ಕೋಟಿ ವರ್ಷ. ಕೆಜಿಎಫ್ ಸಮೀಪದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನೂ ದಿಂಬಿನ ಲಾವಾವನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನಮ್ಮ ಜಿಲ್ಲೆಯವರಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದೇವೆ?

ಬಾಯಿಲ್ಲದ ಹುಳು

1977ರ ಫೆಬ್ರವರಿಯಲ್ಲಿ ಆಲ್ವಿನ್ ನೌಕೆ ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕೆ ಇಳಿಯಿತು. ನಮ್ಮವರಿಗೆ ಈ ಆಳದ ಅಂದಾಜು ಸುಲಭ: ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಇದಕ್ಕಿಂತಲೂ ಆಳ, ಸುಮಾರು 3,200 ಮೀಟರ್. ಅಲ್ಲಿ ಬಂಡೆಯೇ 60 ಡಿಗ್ರಿಗೂ ಮೀರಿ ಸುಡುತ್ತಿತ್ತು. ತಂಪುಗಾಳಿಯನ್ನು ಕೆಳಗೆ ಕಳುಹಿಸದೆ ಕೆಲಸ ಸಾಗುತ್ತಿರಲಿಲ್ಲ.

ಗಲಾಪಗೋಸ್‌ಗೆ ಹೋದವರು ಭೂವಿಜ್ಞಾನಿಗಳು. ಹೊಸ ಕಡಲತಳ ಹುಟ್ಟುವಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕೆಂಬ ಲೆಕ್ಕಾಚಾರವನ್ನು ಪರೀಕ್ಷಿಸುವುದು ಅವರ ಉದ್ದೇಶ. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ, ಏಕೆಂದರೆ ಅಲ್ಲಿ ನೋಡಲು ಜೀವಿಗಳಿರುತ್ತವೆಂದು ಯಾರೂ ಎಣಿಸಿರಲಿಲ್ಲ. ಬುಗ್ಗೆಗಳು ಸಿಕ್ಕವು. ಅವುಗಳ ಸುತ್ತ ಅಂಗೈಗಿಂತ ದೊಡ್ಡ ಚಿಪ್ಪುಜೀವಿಗಳು, ಬಿಳಿಯ ಏಡಿಗಳು, ಬಿಳಿ ಕೊಳವೆಯೊಳಗಿಂದ ಕೆಂಪು ಗರಿಯನ್ನು ಚಾಚಿ ನಿಂತ ಆಳೆತ್ತರದ ಹುಳುಗಳು ಗುಂಪುಗುಂಪಾಗಿದ್ದವು. ಹಡಗಿನಲ್ಲಿ ಜೀವಿಗಳನ್ನು ಕೆಡದಂತೆ ಇಡುವ ದ್ರಾವಣ ಸಾಲದೆ ಕೆಲವನ್ನು ವೋಡ್ಕಾ ಮದ್ಯದಲ್ಲಿ ಹಾಕಿಟ್ಟು ತಂದರಂತೆ!

ಆ ಕೊಳವೆಹುಳುವಿಗೆ ಬಾಯಿಯಿಲ್ಲ, ಕರುಳೂ ಇಲ್ಲ. ಹಾಗಾದರೆ ಊಟ ಹೇಗೆ? ಇದಕ್ಕೆ ಉತ್ತರ ಹೊಳೆದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಕಾಲೀನ್ ಕವನಾಗೆ. 1980ರಲ್ಲಿ ಒಂದು ಉಪನ್ಯಾಸವನ್ನು ಕೇಳುತ್ತಿದ್ದಾಗ, ಹುಳುವಿನ ಒಡಲಿನಲ್ಲಿ ಗಂಧಕದ ಹರಳುಗಳಿವೆ ಎಂಬ ಮಾತು ಕಿವಿಗೆ ಬಿದ್ದೊಡನೆ ಆಕೆ ಎದ್ದುನಿಂತು, ಒಳಗೆ ಬ್ಯಾಕ್ಟೀರಿಯಾಗಳಿರಬೇಕು ಎಂದಳು. ಆಕೆಯ ಊಹೆ ನಿಜವೆಂದು 1981ರಲ್ಲಿ ತೋರಿಸಿಕೊಟ್ಟಳು. ಬುಗ್ಗೆಯ ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ನಮಗೆ ಅದು ವಿಷ. ಹುಳುವಿನ ಒಡಲೊಳಗೆ ನೆಲೆಸಿದ ಬ್ಯಾಕ್ಟೀರಿಯಾಗಳಿಗೆ ಅದೇ ಶಕ್ತಿಯ ಮೂಲ. ಹಸಿರೆಲೆ ಬಿಸಿಲಿನಿಂದ ಮಾಡುವ ಅಡುಗೆಯನ್ನು ಅವು ರಸಾಯನದಿಂದ ಮಾಡುತ್ತವೆ. ಅದರಲ್ಲಿ ಹುಳುವಿಗೂ ಪಾಲು ಸಲ್ಲುತ್ತದೆ. ಬಿಸಿಲನ್ನೇ ಕಾಣದ ಅನ್ನಛತ್ರ! ಗದ್ದಲ ಮಾಡದೆ ಪಾಠ ಕೇಳಿ ಎಂದು ನಿಮ್ಮನ್ನು ಗದರಿಸುತ್ತಿದ್ದ ನಾನು, ಕವನಾ ಎದ್ದುನಿಂತು ಮಾತನಾಡಿದ ಆ ಗಳಿಗೆಯನ್ನು ಓದಿ ಬಹಳ ಸಂತೋಷಪಟ್ಟೆ.

1979ರಲ್ಲಿ ಮೆಕ್ಸಿಕೋ ಕಡಲಿನಲ್ಲಿ ಇನ್ನೂ ಬಿಸಿಯಾದ ಬುಗ್ಗೆಗಳು ಸಿಕ್ಕವು. ಸುಮಾರು 350 ಡಿಗ್ರಿ ಕಾದ ನೀರು ಕಲ್ಲಿನ ಚಿಮಣಿಗಳಿಂದ ಕರಿಹೊಗೆಯಂತೆ ಚಿಮ್ಮುತ್ತಿತ್ತು. ಅಷ್ಟು ಕಾದರೂ ಮೇಲಿನ ನೀರಿನ ಒತ್ತಡದಿಂದಾಗಿ ಅದು ಕುದಿಯುವುದಿಲ್ಲ. ಬಂಡೆಯ ಬಿರುಕುಗಳಲ್ಲಿ ಇಳಿದ ಸಮುದ್ರದ ನೀರು ಕಾದು, ಕಲ್ಲಿನೊಳಗಿನ ಕಬ್ಬಿಣ, ತಾಮ್ರ, ಸತುವು, ಅಲ್ಪಸ್ವಲ್ಪ ಚಿನ್ನ ಬೆಳ್ಳಿಗಳನ್ನೂ ಕರಗಿಸಿಕೊಂಡು ಮೇಲೇರುತ್ತದೆ. ತಣ್ಣೀರು ತಗುಲಿದೊಡನೆ ಲೋಹಗಳು ಗಂಧಕದೊಡನೆ ಕೂಡಿ ಅಲ್ಲಿಯೇ ರಾಶಿಬೀಳುತ್ತವೆ. ಭೂಮಿಯ ಮೊದಲ ಜೀವ ಹುಟ್ಟಿದ್ದು ಇಂಥ ಬುಗ್ಗೆಗಳಲ್ಲಿರಬಹುದೇ ಎಂಬ ವಿಚಾರವನ್ನು ಕೆಲವು ವಿಜ್ಞಾನಿಗಳು 1981ರಲ್ಲಿಯೇ ಮುಂದಿಟ್ಟರು. ಆ ಚರ್ಚೆ ಇಂದಿಗೂ ನಡೆದಿದೆ.

ಹಾಗೆಂದು ಕೆಜಿಎಫ್‌ನ ಬಂಡೆಗಳಲ್ಲಿ ಏಡಿಯನ್ನೋ ಹುಳುವನ್ನೋ ಹುಡುಕಲು ಹೋಗಬೇಡಿ. 270 ಕೋಟಿ ವರ್ಷಗಳ ಹಿಂದೆ ಭೂಮಿಯಲ್ಲಿ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಮೀನು, ಏಡಿಗಳು ಬಂದದ್ದು ಎಷ್ಟೋ ಕಾಲದ ಮೇಲೆ. ನಮ್ಮದು ಮೀನಿಗಿಂತ ಹಳೆಯ ಕಡಲು.

ಎರಡು ದಡಗಳು

ಆ ಕಡಲು ಏನಾಯಿತು? 1989ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಕೋಲಾರದ ಹೆಸರನ್ನೇ ಶಿರೋನಾಮೆಯಲ್ಲಿ ಹೊತ್ತ ಒಂದು ಪ್ರಬಂಧ ಪ್ರಕಟವಾಯಿತು. ಬರೆದವರು ಕ್ರೋಗ್‌ಸ್ಟಾಡ್ ಮತ್ತು ಸಂಗಡಿಗರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿ. ರಾಜಾಮಣಿ ಅವರಲ್ಲೊಬ್ಬರು. ಕಪ್ಪು ಪಟ್ಟಿಯ ಪಶ್ಚಿಮದ ಬೂದುಬಂಡೆಗಳಲ್ಲಿ 300 ಕೋಟಿ ವರ್ಷಗಳಿಗೂ ಹಿಂದಿನ ನೆಲದ ಗುರುತುಗಳಿವೆ. ಪೂರ್ವದ ಬಂಡೆಗಳಲ್ಲಿ ಅವಿಲ್ಲ. ಎರಡೂ ಬೇರೆ ಬೇರೆ ಕಡೆ ಹುಟ್ಟಿದ ನೆಲಗಳು; ಸುಮಾರು 250 ಕೋಟಿ ವರ್ಷಗಳ ಹಿಂದೆ ಅವು ಬಂದು ಒಂದಕ್ಕೊಂದು ಒತ್ತಿಕೊಂಡು, ನಡುವೆ ಇದ್ದ ಕಡಲತಳದ ತುಣುಕುಗಳು ಸಿಕ್ಕಿಬಿದ್ದು ಈ ಪಟ್ಟಿಯಾಯಿತು ಎಂಬುದು ಅವರ ವಾದ. ಇದನ್ನು ಒಪ್ಪುವುದಾದರೆ ಕೋಲಾರ, ಮಾಲೂರುಗಳು ಒಂದು ದಡ. ಮುಳಬಾಗಿಲು ಮತ್ತೊಂದು ದಡ. ಮಾಲೂರಿನಿಂದ ಮುಳಬಾಗಿಲಿಗೆ ಹೆಣ್ಣು ಕೊಟ್ಟು ತಂದುಕೊಳ್ಳುವ ನಮ್ಮ ಬಂಧುವರ್ಗದವರು ಇದನ್ನು ನೆನೆದು ನಗಬಹುದು!

ಕೋಲಾರದ ಚಿನ್ನವೂ ಬಹುಪಾಲು ಈ ಒತ್ತಡದ ಕಾಲದ್ದೇ ಎನ್ನುತ್ತಾರೆ. ನೆಲದಾಳದ ಬಿಸಿದ್ರವಗಳು ಬಂಡೆಯ ಬಿರುಕುಗಳಲ್ಲಿ ಏರಿ, ಬೆಣಚುಕಲ್ಲಿನೊಡನೆ ಚಿನ್ನವನ್ನು ಅಲ್ಲಿ ಬಿಟ್ಟುಹೋದವು.

ಕೋಲಾರ ಹೇಳಬೇಕಾದ ಮಾತು

ಈ ಚರಿತ್ರೆಯನ್ನು ಈಗ ಬರೆಯಲು ಒಂದು ಕಾರಣವಿದೆ. ಹಿಂದೂ ಮಹಾಸಾಗರದಲ್ಲಿಯೂ ಇಂಥ ಬುಗ್ಗೆಗಳಿವೆ. ಅಲ್ಲಿ 2001ರಲ್ಲಿ ಒಂದು ವಿಚಿತ್ರ ಬಸವನಹುಳು ಸಿಕ್ಕಿತು. ಅದರ ಪಾದದ ಸುತ್ತ ಕಬ್ಬಿಣ ಮತ್ತು ಗಂಧಕದ ಸಂಯುಕ್ತ ಹೊದಿಸಿದ ಹುರುಪೆಗಳಿವೆ, ಕವಚ ತೊಟ್ಟ ಯೋಧನಂತೆ. ಇದು ಬದುಕುವುದು ಕೈಬೆರಳೆಣಿಕೆಯ ಬುಗ್ಗೆತಾಣಗಳಲ್ಲಿ ಮಾತ್ರ. ಅವೆಲ್ಲವೂ ಪುಟ್ಟ ತಾಣಗಳು. ಕಡಲತಳದ ಗಣಿಗಾರಿಕೆಯ ಭೀತಿಯ ಕಾರಣದಿಂದ 2019ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಆ ಕಾರಣಕ್ಕಾಗಿ ಪಟ್ಟಿ ಸೇರಿದ ಮೊದಲ ಜೀವಿಯಿದು.

ಬುಗ್ಗೆಗಳ ಬಳಿಯ ಲೋಹದ ರಾಶಿಗಳನ್ನು ಅನ್ವೇಷಿಸಲು ಭಾರತವು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ 2016ರಲ್ಲಿ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಕಾರ್ಲ್ಸ್‌ಬರ್ಗ್ ಶ್ರೇಣಿಗಾಗಿ ಎರಡನೆಯ ಒಪ್ಪಂದವಾಯಿತು. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದ ಒಂದು ಜೀವಂತ ಬುಗ್ಗೆಯ ಚಿತ್ರವನ್ನು ತೆಗೆದುತಂದರು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ಮತ್ಸ್ಯ 6000 ಎಂಬ ಮುಳುಗುನೌಕೆಯನ್ನು ಚೆನ್ನೈಯಲ್ಲಿ ರೂಪಿಸಿದ್ದಾರೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ನನ್ನ ಶಿಷ್ಯರಲ್ಲಿ ಯಾರಾದರೂ ಆ ನೌಕೆಯನ್ನೇರಿದರೆ ನನಗಿಂತ ಸಂತೋಷಪಡುವವರಿಲ್ಲ. ಆದರೆ ನೋಡಲು ಇಳಿಯುವುದು ಬೇರೆ, ಅಗೆಯಲು ಇಳಿಯುವುದು ಬೇರೆ. ಅಗೆಯುವ ನಿಯಮಾವಳಿಯ ಚರ್ಚೆ ವರ್ಷಗಳಿಂದ ನಡೆದಿದ್ದು, 2025ರ ಅಧಿವೇಶನದಲ್ಲಿಯೂ ಅದು ಅಂಗೀಕಾರವಾಗಲಿಲ್ಲ.

ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಕಡಲತೀರದವರಿಗೆ ಇರುವಷ್ಟೇ ಕೋಲಾರದವರಿಗೂ ಇದೆ. ಏಕೆಂದರೆ ಒಂದು ಕಡಲತಳವನ್ನು 120 ವರ್ಷ ಅಗೆದು ಮುಗಿಸಿದ ಅನುಭವ ನಮ್ಮದು. ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಮೂರು ಕೋಟಿ ಟನ್ನಿಗೂ ಮಿಕ್ಕಿದ ಸೈನೈಡ್ ದಿಬ್ಬಗಳು, ಗಾಳಿಯ ದಿನಗಳಲ್ಲಿ ಮನೆಮನೆಗೆ ನುಗ್ಗುವ ಅವುಗಳ ಧೂಳು, ನೀರು ತುಂಬಿದ ಸುರಂಗಗಳು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡ ಕಾರ್ಮಿಕರ ನೆನಪು, ಬೆಳಗಿನ ರೈಲಿಗೆ ಬೆಂಗಳೂರಿನ ಕೂಲಿಗೆ ಓಡುವ ಅವರ ಮಕ್ಕಳು. ಆ ಮಕ್ಕಳಲ್ಲಿ ಹಲವರು ನನ್ನ ಶಿಷ್ಯರು. ಗಣಿ ಅನ್ನ ಕೊಟ್ಟಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಗಣಿ ಮುಗಿದ ಮೇಲೆ ಏನೆಂಬ ಪ್ರಶ್ನೆಯನ್ನು ಅಗೆಯುವ ಮೊದಲು ಯಾರೂ ಕೇಳಲಿಲ್ಲ. ಇಲ್ಲಿಯಾದರೋ ದಿಬ್ಬಗಳು ಕಣ್ಣಿಗೆ ಕಾಣುತ್ತವೆ, ನೊಂದವರಿಗೆ ಬಾಯಿಯಿದೆ. ಮೂರು ನಾಲ್ಕು ಕಿಲೋಮೀಟರ್ ಆಳದ ಕತ್ತಲೆಯಲ್ಲಿ ಕೆಸರೆದ್ದರೆ ನೋಡುವವರಾರು? ಆ ಬಸವನಹುಳು ಯಾವ ಕಚೇರಿಗೆ ಅರ್ಜಿ ಹಾಕೀತು?

ಆದುದರಿಂದ ನಿಮ್ಮಲ್ಲಿ ಒಂದು ವಿನಂತಿ. ದೂರದ ಊರುಗಳಲ್ಲಿ ನೆಲೆಸಿದವರು ರಜೆಗೆ ಬಂದಾಗ ಮಕ್ಕಳನ್ನು ಕೋಲಾರಮ್ಮನ ಗುಡಿಗೆ, ಅಂತರಗಂಗೆಗೆ ಕರೆದುಕೊಂಡು ಹೋಗುವಂತೆಯೇ ಒಂದು ದಿನ ಪೆದ್ದಪಲ್ಲಿಯ ಬಂಡೆಗಳ ಬಳಿಗೂ ಕರೆದೊಯ್ಯಿರಿ. ಕಲ್ಲನ್ನು ಒಡೆದು ತುಣುಕು ತರಬೇಡಿ. ಅಂಗೈಯಿಟ್ಟು ಮುಟ್ಟಿ ನೋಡಿದರೆ ಸಾಕು. ಬಳಿಕ ಸೈನೈಡ್ ದಿಬ್ಬಗಳನ್ನೂ ತೋರಿಸಿ. ಎರಡನ್ನೂ ಒಂದೇ ದಿನ ನೋಡಿದ ಮಗು ಮುಂದೆ ಕಡಲಿನ ಬಗೆಗೆ ಏನೇ ತೀರ್ಮಾನ ಮಾಡಿದರೂ ಯೋಚಿಸಿ ಮಾಡೀತು ಎಂದು ನನ್ನ ನಂಬಿಕೆ.